ಎರಡು ಗೆರೆ ಮೂಡಿದ ಮೇಲೆ ತೂಕದ ಚಿಂತೆ

ಮುಟ್ಟು ತಪ್ಪಿ ನಾಲ್ಕೈದು ದಿನ ಕಾದು, ಮನೆಯಲ್ಲೇ ಪರೀಕ್ಷೆ ಮಾಡಿಕೊಂಡು, ಕಿಟ್‌ನ ಮೇಲೆ ಎರಡು ಗೆರೆ ಕಂಡ ಹೆಂಗಸಿಗೆ ಎಲ್ಲವೂ ಈಗಷ್ಟೇ ಶುರುವಾಗಿದೆ ಎನಿಸುವುದು ಸಹಜ. ವೈದ್ಯರ ಲೆಕ್ಕದಲ್ಲಿ ಮಾತ್ರ ಆಕೆಗೆ ಆಗಲೇ ಐದನೆಯ ವಾರ ನಡೆಯುತ್ತಿರುತ್ತದೆ, ಏಕೆಂದರೆ ಬಸಿರಿನ ದಿನಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಮುಂದೆ ಮಗುವಿನ ಮಿದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರನಾಳ ಮುಚ್ಚಿಕೊಳ್ಳುವುದು ಇದೇ ಲೆಕ್ಕದ ಆರು ವಾರ ತುಂಬುವ ಹೊತ್ತಿಗೆ. ಅಂದರೆ ಬಸಿರಿನ ಸುದ್ದಿ ತಿಳಿದ ದಿನ ಆ ಕೆಲಸ ಮುಗಿಯಲು ಎಂಟು ಹತ್ತು ದಿನಗಳಷ್ಟೇ ಉಳಿದಿರುತ್ತವೆ. ಮೈತೂಕ ಹೆಚ್ಚಿರುವ ಎಷ್ಟೋ ಹೆಂಗಸರು ಆ ಎಂಟು ಹತ್ತು ದಿನಗಳನ್ನು ಬೇರೆಯೇ ಪ್ರಶ್ನೆಗಳಲ್ಲಿ ಕಳೆಯುತ್ತಾರೆ. ಇಷ್ಟು ದಪ್ಪ ಇದ್ದುಕೊಂಡು ಬಸಿರು ನಿಲ್ಲುತ್ತದೆಯೇ, ಈಗಲಾದರೂ ಎರಡು ಕೆ.ಜಿ. ಇಳಿಸಿಕೊಳ್ಳಲೇ, ತೂಕ ನೋಡಿ ಡಾಕ್ಟರು ಬೈದರೆ ಏನು ಮಾಡುವುದು, ಇನ್ನೊಂದು ತಿಂಗಳು ಬಿಟ್ಟು ಹೋದರಾಗದೇ.

ಈ ಭಯಕ್ಕೆ ಆಧಾರವೇ ಇಲ್ಲ ಎಂದು ಸಮಾಧಾನ ಹೇಳುವುದು ಅಪ್ರಾಮಾಣಿಕ. ಆಧಾರವಿದೆ, ಆದರೆ ಅದು ಜನ ಭಾವಿಸಿರುವ ಜಾಗದಲ್ಲಿಲ್ಲ. ಮೊದಲ ಮೂರು ತಿಂಗಳಲ್ಲಿ ತೂಕವನ್ನು ಬದಲಿಸಲಾಗುವುದಿಲ್ಲ, ಬದಲಿಸಬೇಕಾಗಿಯೂ ಇಲ್ಲ. ಅದೇ ಅವಧಿಯಲ್ಲಿ ಸಕ್ಕರೆ, ರಕ್ತದೊತ್ತಡ, ಒಂದೆರಡು ವಿಟಮಿನ್‌ಗಳ ವಿಷಯದಲ್ಲಿ ಮಾಡಬಹುದಾದ ಕೆಲಸ ಬಹಳ ಇದೆ, ಮತ್ತು ಅದಕ್ಕೆ ಗಡುವಿದೆ. ತೂಕದ ಬಗೆಗಿನ ನಾಚಿಕೆ ಆ ಗಡುವನ್ನು ತಪ್ಪಿಸುವುದೇ ಈ ವಾರಗಳಲ್ಲಿ ಆಗುವ ನಿಜವಾದ ನಷ್ಟ.

ಮೊದಲು 'ದಪ್ಪ' ಎಂದರೆ ಎಷ್ಟು ಎಂಬುದನ್ನು ನೋಡಬೇಕು. ಕೆ.ಜಿ.ಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಬಿ.ಎಂ.ಐ. ಐದಡಿ ಒಂದಂಗುಲ, ಅಂದರೆ ಸುಮಾರು 155 ಸೆಂ.ಮೀ. ಎತ್ತರದ ಹೆಂಗಸಿಗೆ 55 ಕೆ.ಜಿ. ದಾಟಿದರೆ ಈ ಸಂಖ್ಯೆ 23 ಆಗುತ್ತದೆ, 60ಕ್ಕೆ 25, 72ಕ್ಕೆ 30. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಅಳತೆಯಂತೆ 25ರಿಂದ ಮೇಲೆ ಹೆಚ್ಚು ತೂಕ, 30ರಿಂದ ಮೇಲೆ ಬೊಜ್ಜು. ಭಾರತೀಯರಿಗೆ ವೈದ್ಯರು ಬಳಸುವ ಅಳತೆ ಇದಕ್ಕಿಂತ ಬಿಗಿ: 23ಕ್ಕೇ ಹೆಚ್ಚು ತೂಕ ಶುರುವಾಗಿ 25ಕ್ಕೆ ಬೊಜ್ಜು ಎನಿಸಿಕೊಳ್ಳುತ್ತದೆ. ಆದ್ದರಿಂದ 62 ಕೆ.ಜಿ.ಯ ಅದೇ ಹೆಂಗಸು ಲಂಡನ್ನಿನ ಚೀಟಿಯಲ್ಲಿ 'ಸ್ವಲ್ಪ ಹೆಚ್ಚು', ಬೆಂಗಳೂರಿನ ಚೀಟಿಯಲ್ಲಿ 'ಬೊಜ್ಜು'. ಹೆಸರು ಬದಲಾದದ್ದು ಅವಮಾನಿಸುವುದಕ್ಕಲ್ಲ, ನಮ್ಮವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುತ್ತದೆ ಎಂಬ ಕಾರಣಕ್ಕೆ.

ಈ ಬಿಗಿಗೆ ಹಿನ್ನೆಲೆಯಾದ ಅಧ್ಯಯನಗಳಲ್ಲಿ ಒಂದು ನಮ್ಮ ಪಕ್ಕದಲ್ಲೇ ನಡೆಯಿತು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಅವರ ತಂಡ 1990ರ ದಶಕದಲ್ಲಿ ಆ ಊರಿನ ಸುತ್ತಲಿನ ಆರು ಹಳ್ಳಿಗಳ ಬಸುರಿಯರನ್ನು ಅನುಸರಿಸಿ, ಹುಟ್ಟಿದ ಮಕ್ಕಳನ್ನು ಇಂಗ್ಲೆಂಡಿನ ಸೌತಾಂಪ್ಟನ್ ಮಕ್ಕಳೊಂದಿಗೆ ಹೋಲಿಸಿತು. ನಮ್ಮ ಮಕ್ಕಳ ಸರಾಸರಿ ತೂಕ 2.7 ಕೆ.ಜಿ., ಅಲ್ಲಿಯವರದು 3.5 ಕೆ.ಜಿ. ಆದರೆ ಎಂಟುನೂರು ಗ್ರಾಂ ಕಡಿಮೆಯಿದ್ದ ನಮ್ಮ ಕೂಸುಗಳಲ್ಲಿ ಕೊರತೆಯಾಗಿದ್ದದ್ದು ಮುಖ್ಯವಾಗಿ ಸ್ನಾಯು, ಚರ್ಮದಡಿಯ ಕೊಬ್ಬು ಅಷ್ಟೇನೂ ಕಡಿಮೆಯಿರಲಿಲ್ಲ. ಯಾಜ್ಞಿಕ್ ಇದನ್ನು 'ತೆಳುವಾಗಿ ಕಂಡರೂ ಕೊಬ್ಬಿರುವ' ಮೈಕಟ್ಟು ಎಂದು ಕರೆದರು. ದೊಡ್ಡವರ ಅಂಕಿಗಳಲ್ಲೂ ಇದೇ ಕಾಣುತ್ತದೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49ರ ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಬಿ.ಎಂ.ಐ. 25 ಅಥವಾ ಅದಕ್ಕಿಂತ ಹೆಚ್ಚಿರುವವರು ಶೇ 24, ಸೊಂಟ ಮತ್ತು ನಿತಂಬದ ಸುತ್ತಳತೆಯ ಅನುಪಾತ ಅಪಾಯದ ಗೆರೆ ಮುಟ್ಟಿರುವವರು ಶೇ 57ರ ಹತ್ತಿರ. ಕರ್ನಾಟಕದಲ್ಲಿ ಮೊದಲನೆಯ ಸಂಖ್ಯೆಯೇ ಶೇ 30.1. ಅದಕ್ಕೂ ಐದು ವರ್ಷ ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 23.3 ಇತ್ತು. ಸಮೀಕ್ಷೆಯ ಗೆರೆ 25 ಎಂಬುದನ್ನು ನೆನಪಿಡಬೇಕು, ಗೆರೆಯನ್ನು 23ಕ್ಕೆ ಇಳಿಸಿದರೆ ನಮ್ಮ ರಾಜ್ಯದಲ್ಲಿ 'ತೂಕ ಹೆಚ್ಚಿರುವ ಬಸುರಿ' ಎಂಬುದು ಅಪರೂಪದ ಸ್ಥಿತಿಯಾಗಿ ಉಳಿಯುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಭಯ ಗರ್ಭಪಾತದ್ದು. ಇಲ್ಲಿ ಸಂಖ್ಯೆಗಳನ್ನು ಹೇಳುವ ರೀತಿಯೇ ಹೆದರಿಸಬಲ್ಲದು, ಧೈರ್ಯವನ್ನೂ ಕೊಡಬಲ್ಲದು. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು ತನ್ನ ರೋಗಿಗಳಿಗೆ ಕೊಡುವ ಮಾಹಿತಿಯಲ್ಲಿ, ಹನ್ನೆರಡು ವಾರದೊಳಗೆ ಬಸಿರು ಇಳಿದುಹೋಗುವ ಸಾಧ್ಯತೆ ಸಾಮಾನ್ಯವಾಗಿ ಐವರಲ್ಲಿ ಒಬ್ಬರಿಗೆ, ಬಿ.ಎಂ.ಐ. 30 ದಾಟಿದವರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಎಂದಿದೆ. ಇದನ್ನೇ 'ಅಪಾಯ ಕಾಲುಭಾಗ ಹೆಚ್ಚು' ಎಂದು ಬರೆದರೆ ಓದಿದವಳ ಎದೆ ಹಾರುತ್ತದೆ. ಅದೇ ಮಾತನ್ನು ತಿರುಗಿಸಿ, ನೂರು ಬಸಿರುಗಳಲ್ಲಿ ಒಟ್ಟಾರೆ 80, ಬಿ.ಎಂ.ಐ. 30 ದಾಟಿದವರಲ್ಲಿ 75 ಹನ್ನೆರಡು ವಾರ ದಾಟುತ್ತವೆ ಎಂದರೆ ಸತ್ಯ ಬದಲಾಗುವುದಿಲ್ಲ, ಆದರೆ ಅದರ ಗಾತ್ರ ಸರಿಯಾಗಿ ಕಾಣುತ್ತದೆ. ತೂಕದಿಂದ ಸೇರಿಕೊಳ್ಳುವುದು ನೂರಕ್ಕೆ ಐದು. ಅದು ಸಣ್ಣದಲ್ಲ, ಹಾಗೆಂದು 'ದಪ್ಪಗಿದ್ದರೆ ನಿಲ್ಲುವುದಿಲ್ಲ' ಎಂಬ ತೀರ್ಪೂ ಅಲ್ಲ. ಆರಂಭದಲ್ಲೇ ಇಳಿದುಹೋಗುವ ಬಸಿರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ಕ್ರೋಮೋಸೋಮುಗಳಲ್ಲಿ ಆದ ಏರುಪೇರೇ ಕಾರಣವಾಗಿರುತ್ತದೆ. ಅದಕ್ಕೂ ತಾಯಿ ತಿಂದದ್ದಕ್ಕೂ ಸಂಬಂಧವಿಲ್ಲ. ನಮ್ಮ ಮನೆಗಳಲ್ಲಿ ಮಾತ್ರ ವಿಚಾರಣೆ ನಡೆಯುವುದು ಆಕೆ ತಿಂದ ಪಪ್ಪಾಯಿಯ ಬಗ್ಗೆ, ಸ್ಕೂಟರಿನಲ್ಲಿ ಹೋದದ್ದರ ಬಗ್ಗೆ, ಅಟ್ಟದಿಂದ ಡಬ್ಬ ಇಳಿಸಿದ್ದರ ಬಗ್ಗೆ. ಮೈ ದಪ್ಪಗಿದ್ದರೆ ಆರೋಪಪಟ್ಟಿಗೆ ಇನ್ನೊಂದು ಸಾಲು ಸೇರುತ್ತದೆ.

ಈ ಭಯ ಹೆಚ್ಚಾಗುವ ಜಾಗ ಸ್ಕ್ಯಾನಿಂಗ್ ಕೋಣೆ. ಆರನೆಯ ವಾರಕ್ಕೆ ಹೋಗಿ, ಹೊಟ್ಟೆಯ ಮೇಲಿಂದ ನೋಡಿಸಿಕೊಂಡು, 'ಹಾರ್ಟ್‌ಬೀಟ್ ಕಾಣಿಸುತ್ತಿಲ್ಲ' ಎಂಬ ಒಂದು ಮಾತು ಕೇಳಿ ಬಂದವರು ಮುಂದಿನ ಒಂದು ವಾರ ನಿದ್ದೆ ಮಾಡುವುದಿಲ್ಲ. ಇಲ್ಲಿ ಎರಡು ಸಂಗತಿಗಳು ಕಲೆತಿರುತ್ತವೆ. ಹೊಟ್ಟೆಯ ಕೊಬ್ಬಿನ ಪದರ ದಪ್ಪವಿದ್ದಷ್ಟೂ ಶಬ್ದದ ಅಲೆಗಳು ದುರ್ಬಲವಾಗುತ್ತವೆ, ಅಷ್ಟು ಸಣ್ಣ ಬಸಿರನ್ನು ಮೇಲಿಂದ ಹುಡುಕುವುದು ಕಷ್ಟ. ಯೋನಿಯ ಮೂಲಕ ಮಾಡುವ ಸ್ಕ್ಯಾನಿನಲ್ಲಿ ಈ ಅಡ್ಡಿ ಬಹುಮಟ್ಟಿಗೆ ಇಲ್ಲ, ಅದರಿಂದ ಮಗುವಿಗೆ ಅಪಾಯವೂ ಇಲ್ಲ. ಎರಡನೆಯದು ದಿನದ ಲೆಕ್ಕ. ತೂಕ ಹೆಚ್ಚಿರುವವರಲ್ಲಿ ಪಿ.ಸಿ.ಓ.ಎಸ್. (ಹಾರ್ಮೋನುಗಳ ಏರುಪೇರಿನಿಂದ ಮುಟ್ಟು ಹಿಂದುಮುಂದಾಗುವ ತೊಂದರೆ) ಸಾಮಾನ್ಯ, ಅಂಥವರಲ್ಲಿ ಅಂಡ ಬಿಡುಗಡೆಯಾಗುವುದು ಹದಿನಾಲ್ಕನೆಯ ದಿನವಲ್ಲ, ಇಪ್ಪತ್ತೈದನೆಯ ದಿನವೋ ನಲವತ್ತನೆಯ ದಿನವೋ ಆಗಿರಬಹುದು. ಕೊನೆಯ ಮುಟ್ಟಿನಿಂದ ಎಣಿಸಿದರೆ ಏಳು ವಾರವಾಗಿರುವ ಬಸಿರು ನಿಜಕ್ಕೆ ಐದೂವರೆ ವಾರದ್ದಾಗಿರುತ್ತದೆ, ಆ ವಯಸ್ಸಿಗೆ ಎದೆಬಡಿತ ಕಾಣದಿರುವುದರಲ್ಲಿ ತಪ್ಪೇನೂ ಇಲ್ಲ. ಬಸಿರು ನಿಂತುಹೋಗಿದೆ ಎಂದು ಒಂದೇ ಸ್ಕ್ಯಾನಿನಲ್ಲಿ ಖಚಿತವಾಗಿ ಹೇಳಲು ವೈದ್ಯಲೋಕ ಬಿಗಿಯಾದ ಅಳತೆ ಇಟ್ಟುಕೊಂಡಿದೆ: ಯೋನಿಯ ಮೂಲಕ ನೋಡಿದಾಗ ಭ್ರೂಣ 7 ಮಿ.ಮೀ. ಅಥವಾ ಅದಕ್ಕಿಂತ ಉದ್ದವಿದ್ದೂ ಬಡಿತ ಕಾಣದಿರಬೇಕು, ಇಲ್ಲವೇ ಗರ್ಭಚೀಲ 25 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡದಿದ್ದೂ ಒಳಗೆ ಭ್ರೂಣವಿಲ್ಲದಿರಬೇಕು. ಅದಕ್ಕಿಂತ ಸಣ್ಣ ಅಳತೆಯಲ್ಲಿ ಸರಿಯಾದ ಉತ್ತರ 'ಒಂದೆರಡು ವಾರ ಬಿಟ್ಟು ಮತ್ತೆ ನೋಡೋಣ' ಎಂಬುದೊಂದೇ. ತೂಕದ ಕಾರಣಕ್ಕೆ ಈ ಅಳತೆ ಬದಲಾಗುವುದಿಲ್ಲ. ಆದರೆ ಹೊಟ್ಟೆಯ ಒಂದು ಬದಿಯಲ್ಲಿ ತಡೆಯಲಾಗದ ನೋವು, ತಲೆಸುತ್ತು, ಹೆಚ್ಚು ರಕ್ತಸ್ರಾವ ಇದ್ದರೆ ಒಂದು ದಿನವೂ ಕಾಯಬಾರದು, ಬಸಿರು ಗರ್ಭಕೋಶದ ಹೊರಗೆ, ಅಂಡನಾಳದಲ್ಲಿ ಕುಳಿತಿರಬಹುದು.

ಈಗ ಆ ಎಂಟು ಹತ್ತು ದಿನಗಳ ಗಡುವಿಗೆ ಮರಳೋಣ. ನರನಾಳ ಸರಿಯಾಗಿ ಮುಚ್ಚದೆ ಉಳಿಯುವ ದೋಷ ತೂಕ ಹೆಚ್ಚಿರುವ ತಾಯಂದಿರ ಮಕ್ಕಳಲ್ಲಿ ಹೆಚ್ಚು. ಅದನ್ನು ಬಹುಮಟ್ಟಿಗೆ ತಡೆಯಬಲ್ಲ ಫೋಲಿಕ್ ಆಮ್ಲದ ಮಾತ್ರೆಯ ಪ್ರಯೋಜನ 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗದಿಂದ ಸಾಬೀತಾಯಿತು. ಸಾಮಾನ್ಯ ಪ್ರಮಾಣ ದಿನಕ್ಕೆ 400 ಮೈಕ್ರೊಗ್ರಾಂ. ಬಿ.ಎಂ.ಐ. 30 ಅಥವಾ ಹೆಚ್ಚಿದ್ದರೆ 5 ಮಿಲಿಗ್ರಾಂ ಎಂದು ಬ್ರಿಟನ್ನಿನ ತಜ್ಞರು ಹೇಳುತ್ತಾರೆ. ಅದನ್ನು ಬಸಿರಿಗೆ ಒಂದು ತಿಂಗಳು ಮೊದಲೇ ಶುರುಮಾಡಿ ಹನ್ನೆರಡು ವಾರದವರೆಗೆ ನುಂಗಬೇಕು. ಬರೀ ತೂಕದ ಕಾರಣಕ್ಕೆ ಇಷ್ಟು ಏರಿಸಲು ಸಾಕಷ್ಟು ಪುರಾವೆ ಇಲ್ಲವೆನ್ನುವ ತಜ್ಞರೂ ಇದ್ದಾರೆ. ನಮ್ಮ ಔಷಧಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು 5 ಮಿ.ಗ್ರಾಂ. ಮಾತ್ರೆಯೇ ಆದ್ದರಿಂದ ಈ ಚರ್ಚೆ ನಮ್ಮಲ್ಲಿ ತಾನಾಗಿಯೇ ಮುಗಿದುಹೋಗುತ್ತದೆ: ಬೇಕಾದವರೂ ಬೇಡವಾದವರೂ ಅದನ್ನೇ ನುಂಗುತ್ತಾರೆ.

ಇಲ್ಲಿ ಮೈಸೂರಿನ ಒಂದು ಕಂಡುಕೊಳ್ಳುವಿಕೆ ಬರಬೇಕು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ನಮ್ಮ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹೆರಿಗೆಗಳ ದಾಖಲೆಯನ್ನು ಜೋಪಾನವಾಗಿ ಇಟ್ಟುಕೊಂಡು ಬಂದದ್ದರಿಂದ ಜಗತ್ತಿನ ಸಂಶೋಧಕರ ಗಮನ ಸೆಳೆಯಿತು. ಅಲ್ಲಿ 1997–98ರಲ್ಲಿ ಸೇರಿಸಿಕೊಂಡ ಬಸುರಿಯರನ್ನೂ ಅವರ ಮಕ್ಕಳನ್ನೂ ವರ್ಷಗಟ್ಟಲೆ ಅನುಸರಿಸಿದ ಕೆಲಸಕ್ಕೆ ಪಾರ್ಥಿನಾನ್ ಅಧ್ಯಯನವೆಂದು ಹೆಸರು. ಆ ತಾಯಂದಿರ ರಕ್ತವನ್ನು ಪರೀಕ್ಷಿಸಿ ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ವರದಿಯಂತೆ, ಶೇ 43 ಮಂದಿಯಲ್ಲಿ ವಿಟಮಿನ್ ಬಿ12 ಕೊರತೆ ಇತ್ತು. ಅಚ್ಚರಿಯೆಂದರೆ ಕೊರತೆಯಿದ್ದವರು ಸೊರಗಿದವರಲ್ಲ, ಉಳಿದವರಿಗಿಂತ ಹೆಚ್ಚು ತೂಕದವರು, ಅವರಲ್ಲಿ ಬಸಿರಿನ ಸಕ್ಕರೆ ಕಾಯಿಲೆಯೂ ಹೆಚ್ಚು. ದಪ್ಪಗಿದ್ದಾಳೆಂದರೆ ಚೆನ್ನಾಗಿ ತಿಂದುಂಡವಳು, ಪೋಷಣೆಗೇನೂ ಕೊರತೆಯಿಲ್ಲ ಎಂಬ ನಮ್ಮ ಎಣಿಕೆ ಇಲ್ಲಿ ಕುಸಿಯುತ್ತದೆ. ಪುಣೆಯ ಅಧ್ಯಯನದಲ್ಲಿ ಮೂರರಲ್ಲಿ ಎರಡು ಪಾಲು ತಾಯಂದಿರಿಗೆ ಬಿ12 ಕಡಿಮೆಯಿತ್ತು, ಮತ್ತು ಬಿ12 ಕಡಿಮೆಯಿದ್ದು ರಕ್ತದಲ್ಲಿ ಫೋಲೇಟ್ (ಫೋಲಿಕ್ ಆಮ್ಲದ ವಿಟಮಿನ್) ಮಟ್ಟ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲೇ ಆರನೆಯ ವಯಸ್ಸಿಗೆ ಇನ್ಸುಲಿನ್ ಪ್ರತಿರೋಧ, ಅಂದರೆ ಇನ್ಸುಲಿನ್‌ಗೆ ಮೈ ಸರಿಯಾಗಿ ಸ್ಪಂದಿಸದಿರುವುದು, ಎಲ್ಲರಿಗಿಂತ ಹೆಚ್ಚಾಗಿ ಕಂಡಿತು. ಬಿ12 ದೊರೆಯುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಿಂದ. ಪಿ.ಸಿ.ಓ.ಎಸ್. ಇದ್ದವರಿಗೂ ಬರೆದುಕೊಡುವ, ಸಕ್ಕರೆ ಕಾಯಿಲೆಯ ಔಷಧಿಯಾದ ಮೆಟ್‌ಫಾರ್ಮಿನ್ ಮಾತ್ರೆ ದೀರ್ಘಕಾಲ ತೆಗೆದುಕೊಂಡರೆ ಬಿ12 ಮಟ್ಟ ಇನ್ನಷ್ಟು ಇಳಿಯುತ್ತದೆ. ಸಸ್ಯಾಹಾರಿ, ತೂಕ ಹೆಚ್ಚು, ಒಂದೆರಡು ವರ್ಷದಿಂದ ಮೆಟ್‌ಫಾರ್ಮಿನ್, ಈಗ ಫೋಲಿಕ್ ಆಮ್ಲ 5 ಮಿ.ಗ್ರಾಂ. ಎಂಬ ಜೋಡಣೆ ನಮ್ಮ ನಗರಗಳಲ್ಲಿ ಅಪರೂಪವಲ್ಲ, ಅಂಥವರು ಮೊದಲ ಭೇಟಿಯಲ್ಲೇ ಬಿ12 ಬಗ್ಗೆ ಕೇಳುವುದು ಸರಿ. ಮೆಟ್‌ಫಾರ್ಮಿನ್ ಅನ್ನಾಗಲಿ ಥೈರಾಯ್ಡ್ ಮಾತ್ರೆಯನ್ನಾಗಲಿ ಬಸಿರೆಂದು ತಿಳಿದ ಕೂಡಲೇ ತಾವಾಗಿ ನಿಲ್ಲಿಸಬಾರದು. ಥೈರಾಯ್ಡ್ ಮಾತ್ರೆಯ ಪ್ರಮಾಣವನ್ನು ಬಸಿರಿನಲ್ಲಿ ಸಾಮಾನ್ಯವಾಗಿ ಏರಿಸಬೇಕಾಗಿಯೇ ಬರುತ್ತದೆ.

ಸಕ್ಕರೆಯ ವಿಷಯ ಇದಕ್ಕಿಂತ ದೊಡ್ಡದು. ಬಿ.ಎಂ.ಐ. 30 ದಾಟಿದವರಲ್ಲಿ ಬಸಿರಿನ ಸಕ್ಕರೆ ಕಾಯಿಲೆಯ ಸಾಧ್ಯತೆ ಸುಮಾರು ಮೂರು ಪಟ್ಟು. ಬಸಿರು ಬೆಳೆದಂತೆ ಮಾಸು ಬಿಡುಗಡೆ ಮಾಡುವ ಹಾರ್ಮೋನುಗಳು ತಾಯಿಯ ದೇಹದಲ್ಲಿ ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಬರುತ್ತವೆ. ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಸುರಿಸಿ ಅದನ್ನು ಸರಿದೂಗಿಸಬೇಕು. ಕೊಬ್ಬಿನಿಂದಾಗಿ ಈಗಾಗಲೇ ದುಡಿದು ದಣಿದಿರುವ ಗ್ರಂಥಿಗೆ ಅದು ಸಾಧ್ಯವಾಗದಿದ್ದಾಗ ಸಕ್ಕರೆ ಏರುತ್ತದೆ. ಇದು ಸಾಮಾನ್ಯವಾಗಿ ಆರನೆಯ ತಿಂಗಳ ಕಥೆ. ಆದರೆ ನಮ್ಮಲ್ಲಿ ಎಷ್ಟೋ ಹೆಂಗಸರಿಗೆ ಸಕ್ಕರೆ ಕಾಯಿಲೆ ಬಸಿರಿಗೆ ಮೊದಲೇ ಇದ್ದು, ಅದುವರೆಗೆ ಯಾರೂ ಪರೀಕ್ಷಿಸದೆ ಇದ್ದದ್ದರಿಂದ ಗೊತ್ತಾಗಿರುವುದಿಲ್ಲ. ಮಗುವಿನ ಹೃದಯ, ಬೆನ್ನುಹುರಿ ರೂಪುಗೊಳ್ಳುವ ವಾರಗಳಲ್ಲಿ ಸಕ್ಕರೆ ತೀರ ಏರಿದ್ದರೆ ಆಗುವ ಹಾನಿಯನ್ನು ಆರನೆಯ ತಿಂಗಳ ಪರೀಕ್ಷೆ ಸರಿಪಡಿಸಲಾರದು. ಅದಕ್ಕಾಗಿಯೇ ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಎರಡು ಪರೀಕ್ಷೆ ಹೇಳುತ್ತದೆ: ಒಂದು ಮೊದಲ ಭೇಟಿಯಲ್ಲೇ, ಇನ್ನೊಂದು 24ರಿಂದ 28 ವಾರಗಳ ನಡುವೆ. ಚೆನ್ನೈನ ವೈದ್ಯ ವಿ. ಶೇಷಯ್ಯ ಅವರು ಮುಂದಿಟ್ಟ ಈ ವಿಧಾನದಲ್ಲಿ ಹಸಿದ ಹೊಟ್ಟೆಯಲ್ಲಿ ಬರಬೇಕೆಂಬ ನಿಯಮವಿಲ್ಲ. 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕುಡಿದು ಎರಡು ಗಂಟೆಯ ನಂತರ ರಕ್ತ ಕೊಟ್ಟರಾಯಿತು, 100 ಮಿ.ಲೀ. ರಕ್ತದಲ್ಲಿ ಸಕ್ಕರೆ 140 ಮಿ.ಗ್ರಾಂ. ಅಥವಾ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ ಎಂದು ಪರಿಗಣಿಸುತ್ತಾರೆ. ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ವಾಕರಿಕೆಯ ಬಸುರಿಯನ್ನು 'ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಾ' ಎಂದರೆ ಆಕೆ ಮತ್ತೆ ಬರುವುದೇ ಇಲ್ಲ ಎಂಬ ವಾಸ್ತವವನ್ನು ಬಲ್ಲವರು ಮಾಡಿದ ಪರೀಕ್ಷೆ ಇದು. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮರುದಿನ ಮತ್ತೆ ಮಾಡಬೇಕು, ಆಮೇಲೆ ಆದರೆ ಪರೀಕ್ಷೆ ಮುಂದುವರಿಯುತ್ತದೆ.

ಇಷ್ಟು ಬೇಗ ಕಂಡುಹಿಡಿದು ಚಿಕಿತ್ಸೆ ಕೊಟ್ಟರೆ ನಿಜವಾಗಿಯೂ ಲಾಭವಿದೆಯೇ ಎಂಬ ಪ್ರಶ್ನೆಗೆ 2023ರಲ್ಲಿ ಒಂದು ಉತ್ತರ ಸಿಕ್ಕಿತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಸ್ವೀಡನ್, ಭಾರತದ ಆಸ್ಪತ್ರೆಗಳು ಸೇರಿ ನಡೆಸಿದ ಪ್ರಯೋಗದಲ್ಲಿ, ಇಪ್ಪತ್ತು ವಾರದೊಳಗೇ ಚಿಕಿತ್ಸೆ ಪಡೆದವರ ನವಜಾತ ಶಿಶುಗಳಲ್ಲಿ ತೊಂದರೆ ಶೇ 24.9, ಹಾಗೆ ಪಡೆಯದವರಲ್ಲಿ ಶೇ 30.5. ಲಾಭ ಬೆಟ್ಟದಷ್ಟಲ್ಲ, ಆದರೆ ಬೇಗ ಪರೀಕ್ಷೆ ಮಾಡಿಸಿಕೊಳ್ಳುವ ಶ್ರಮಕ್ಕೆ ಸಾಕಾಗುವಷ್ಟಿದೆ.

ರಕ್ತದೊತ್ತಡದ್ದು ಸ್ವಲ್ಪ ತಾಂತ್ರಿಕ ವಿಷಯ, ಆದರೂ ಅದರಲ್ಲೊಂದು ಸಣ್ಣ ಅನ್ಯಾಯ ಅಡಗಿದೆ. ತೋಳು ದಪ್ಪಗಿರುವವರಿಗೆ ಸಾಮಾನ್ಯ ಅಳತೆಯ ಪಟ್ಟಿ ಕಟ್ಟಿ ಬಿ.ಪಿ. ನೋಡಿದರೆ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ತೋಳಿನ ಸುತ್ತಳತೆ 33 ಸೆಂ.ಮೀ. ದಾಟಿದರೆ ದೊಡ್ಡ ಪಟ್ಟಿ ಬೇಕು. ಅದು ಇಲ್ಲದ ಕಡೆ ಸುಳ್ಳು ಬಿ.ಪಿ. ದಾಖಲಾಗಿ, ಅದಕ್ಕೆ ಹೆದರಿಕೆಯೂ ಸೇರಿ, ಬೇಡದ ಮಾತ್ರೆ ಶುರುವಾಗಬಹುದು. ನಿಜವಾದ ಅಪಾಯವಿರುವುದು ಬಸಿರಿನ ಉತ್ತರಾರ್ಧದಲ್ಲಿ ಬಿ.ಪಿ. ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗುವ ಪ್ರೀಎಕ್ಲಾಂಪ್ಸಿಯಾದಲ್ಲಿ. ಅದನ್ನು ತಡೆಯುವ ಅವಕಾಶವೂ ಮೊದಲ ಮೂರು ತಿಂಗಳಲ್ಲೇ ಇದೆ. ಬಿ.ಎಂ.ಐ. 35 ಅಥವಾ ಹೆಚ್ಚು, ಚೊಚ್ಚಲು ಬಸಿರು, ವಯಸ್ಸು ನಲವತ್ತು ದಾಟಿರುವುದು, ತಾಯಿಗೋ ಅಕ್ಕತಂಗಿಯರಿಗೋ ಈ ತೊಂದರೆ ಆಗಿದ್ದದ್ದು, ಅವಳಿ ಬಸಿರು ಇವುಗಳಲ್ಲಿ ಎರಡಾದರೂ ಸೇರಿದ್ದರೆ ಹನ್ನೆರಡನೆಯ ವಾರದಿಂದ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಡುವುದು ಈಗ ರೂಢಿ. 2017ರ ದೊಡ್ಡ ಪ್ರಯೋಗವೊಂದರಲ್ಲಿ, ಅಪಾಯ ಹೆಚ್ಚೆಂದು ಮೊದಲೇ ಗುರುತಿಸಿದವರಿಗೆ 150 ಮಿ.ಗ್ರಾಂ. ಆಸ್ಪಿರಿನ್ ಕೊಟ್ಟಾಗ ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾದಷ್ಟು ಪ್ರೀಎಕ್ಲಾಂಪ್ಸಿಯಾ ಶೇ 62ರಷ್ಟು ತಗ್ಗಿತು. ಐದನೆಯ ತಿಂಗಳಲ್ಲಿ ಮೊದಲ ಬಾರಿಗೆ ಆಸ್ಪತ್ರೆಗೆ ಬಂದವಳಿಗೆ ಅದರ ಪೂರ್ಣ ಲಾಭ ಸಿಗುವುದಿಲ್ಲ. ಅಂಗಡಿಯಿಂದ ತಾವಾಗಿ ಕೊಂಡು ನುಂಗುವ ಔಷಧಿ ಇದಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಸಾಧ್ಯತೆಯೂ ತೂಕದೊಂದಿಗೆ ಏರುವುದರಿಂದ, ಒಂದೇ ಕಾಲು ಊದಿ ನೋವಾದರೆ ಅದನ್ನು 'ಬಸುರಿಯ ಕಾಲು ಊತ' ಎಂದು ತಳ್ಳಿಹಾಕುವಂತಿಲ್ಲ. ವಾಂತಿ ಹೆಚ್ಚಿದೆ ಎಂದು ಮೂರು ತಿಂಗಳು ಹಾಸಿಗೆಯಲ್ಲೇ ಮಲಗಿಸಿಡುವ ಪದ್ಧತಿಯೂ ಈ ಕಾರಣಕ್ಕೆ ಒಳ್ಳೆಯದಲ್ಲ.

ಇನ್ನು ತೂಕ ಇಳಿಸುವ ಮಾತು. ಬಸಿರಿನಲ್ಲಿ ಪಥ್ಯ ಮಾಡಿ ತೂಕ ಇಳಿಸಲು ಯಾವ ಮಾರ್ಗಸೂಚಿಯೂ ಹೇಳುವುದಿಲ್ಲ. ಎಷ್ಟು ಏರಬಹುದು ಎಂಬುದಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವುದು ಅಮೆರಿಕದ ವೈದ್ಯಕೀಯ ಸಂಸ್ಥೆ 2009ರಲ್ಲಿ ಕೊಟ್ಟ ಅಳತೆ: ಇಡೀ ಬಸಿರಿನಲ್ಲಿ ಸಾಮಾನ್ಯ ತೂಕದವರಿಗೆ 11.5ರಿಂದ 16 ಕೆ.ಜಿ., ಬಿ.ಎಂ.ಐ. 25ರಿಂದ 30ರೊಳಗಿನವರಿಗೆ 7ರಿಂದ 11.5, ಅದಕ್ಕೂ ಹೆಚ್ಚಿನವರಿಗೆ 5ರಿಂದ 9. ಮೊದಲ ಮೂರು ತಿಂಗಳಲ್ಲಿ ಏರಬೇಕಾದದ್ದು ಹೆಚ್ಚೆಂದರೆ ಎರಡು ಕೆ.ಜಿ., ವಾಕರಿಕೆಯಿಂದ ಒಂದೆರಡು ಕೆ.ಜಿ. ತಾನಾಗಿ ಇಳಿದರೂ ನೀರು ಒಳಗೆ ನಿಲ್ಲುತ್ತಿದ್ದರೆ ಗಾಬರಿ ಬೇಡ. 'ಇಬ್ಬರ ಊಟ ಮಾಡು' ಎಂಬ ಅಜ್ಜಿಯರ ಮಾತಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕ ಬೇರೆ: ಬಸುರಿಗೆ ಹೆಚ್ಚುವರಿಯಾಗಿ ಬೇಕಾದದ್ದು ದಿನಕ್ಕೆ 350 ಕ್ಯಾಲೊರಿ, ಹೆಚ್ಚೂಕಡಿಮೆ ಎರಡು ಚಪಾತಿ ಮತ್ತು ಒಂದು ಬಟ್ಟಲು ಬೇಳೆ. ಅದೂ ನಾಲ್ಕನೆಯ ತಿಂಗಳಿನಿಂದ. ಅಜ್ಜಿಯರನ್ನು ದೂರುವುದು ಸುಲಭ. ಅವರ ಕಾಲದ ಬಸುರಿ ನಲವತ್ತು ಕೆ.ಜಿ.ಯವಳಾಗಿ, ಗದ್ದೆ ಕೆಲಸಕ್ಕೂ ಹೋಗುತ್ತಿದ್ದಳು, ಆಕೆಗೆ ಆ ಮಾತು ಸರಿಯಾಗಿಯೇ ಇತ್ತು.

ಬದಲಿಸಬೇಕಾದದ್ದು ಊಟದ ಪ್ರಮಾಣಕ್ಕಿಂತ ತಟ್ಟೆಯ ಹಂಚಿಕೆಯನ್ನು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಮಧುಮೇಹ ಸಮೀಕ್ಷೆಯ 2025ರ ವರದಿಯಂತೆ ನಮ್ಮ ಆಹಾರದ ಕ್ಯಾಲೊರಿಗಳಲ್ಲಿ ಶೇ 62 ಬರುವುದು ಅಕ್ಕಿ, ಗೋಧಿ, ಸಕ್ಕರೆಯಂಥ ಪಿಷ್ಟ ಪದಾರ್ಥಗಳಿಂದ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ, ಸಂಜೆ ಅವಲಕ್ಕಿ, ರಾತ್ರಿ ಮತ್ತೆ ಅನ್ನ ಎಂಬ ದಿನಚರಿಯಲ್ಲಿ ಬೇಳೆ ಸಾರಿನ ತಿಳಿಯಾಗಿ ಮಾತ್ರ ಉಳಿದಿರುತ್ತದೆ. ಅನ್ನದ ಬದಲು ಮುದ್ದೆ ತಿಂದರೆ ಸಕ್ಕರೆ ಏರುವುದಿಲ್ಲ ಎಂಬ ಹಳೆ ಮೈಸೂರು ಸೀಮೆಯ ನಂಬಿಕೆಯನ್ನು ಮುರಿಯಲು ಮನಸ್ಸಾಗುವುದಿಲ್ಲ, ಆದರೆ ನುಣ್ಣಗೆ ಬೀಸಿದ ರಾಗಿಹಿಟ್ಟಿನ ಎರಡು ದೊಡ್ಡ ಮುದ್ದೆ ಸಕ್ಕರೆಯನ್ನು ಏರಿಸಿಯೇ ಏರಿಸುತ್ತದೆ. ಸುಣ್ಣದ ಅಂಶಕ್ಕೆ ರಾಗಿ ಒಳ್ಳೆಯದು, ಮುದ್ದೆ ಒಂದಿರಲಿ, ಪಕ್ಕದ ಕಾಳು, ಸೊಪ್ಪು, ಮೊಟ್ಟೆ ಹೆಚ್ಚಲಿ. ಇಷ್ಟು ಮಾಡಿದರೆ ಬಸಿರಿನ ಸಕ್ಕರೆ ಕಾಯಿಲೆ ಬರುವುದೇ ಇಲ್ಲ ಎಂಬ ಭರವಸೆ ಕೊಡಲಾಗದು. ಬ್ರಿಟನ್ನಿನಲ್ಲಿ ಬೊಜ್ಜಿರುವ 1,555 ಬಸುರಿಯರಲ್ಲಿ ಅರ್ಧದಷ್ಟು ಮಂದಿಗೆ ಊಟ ಮತ್ತು ನಡಿಗೆಯ ತರಬೇತಿ ಕೊಟ್ಟು ಉಳಿದವರೊಂದಿಗೆ ಹೋಲಿಸಿ ನೋಡಿದ, 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರ ಊಟ ಸುಧಾರಿಸಿತು, ತೂಕ ಸ್ವಲ್ಪ ಕಡಿಮೆ ಏರಿತು, ಆದರೆ ಸಕ್ಕರೆ ಕಾಯಿಲೆಯ ಪ್ರಮಾಣ ತಗ್ಗಲಿಲ್ಲ. ಈ ಫಲಿತಾಂಶವನ್ನು ನಾನು ನಿರಾಸೆಯ ಸುದ್ದಿಯೆಂದು ಓದುವುದಿಲ್ಲ. ಬಸಿರಿನಲ್ಲಿ ಸಕ್ಕರೆ ಏರಿದವಳು ಬಾಯಿ ಕಟ್ಟದೆ ತಂದುಕೊಂಡಳು ಎಂಬ ಆರೋಪಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ನಡಿಗೆಯಂತೂ ಬೇಕು, ವಿಶ್ವ ಆರೋಗ್ಯ ಸಂಸ್ಥೆ ತೊಂದರೆಯಿಲ್ಲದ ಬಸುರಿಗೆ ಹೇಳುವುದು ವಾರಕ್ಕೆ 150 ನಿಮಿಷ.

ಈ ಎರಡು ವರ್ಷಗಳಲ್ಲಿ ಹೊಸದೊಂದು ಪ್ರಶ್ನೆ ಸೇರಿಕೊಂಡಿದೆ. ತೂಕ ಇಳಿಸುವ ವಾರದ ಇಂಜೆಕ್ಷನ್‌ಗಳಾದ ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಅದೇ ವರ್ಷದ ಜೂನ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ತೂಕ ಇಳಿದಾಗ ಪಿ.ಸಿ.ಓ.ಎಸ್. ಇರುವವರಲ್ಲಿ ಅಂಡ ಬಿಡುಗಡೆ ಮತ್ತೆ ಶುರುವಾಗುತ್ತದೆ, ವರ್ಷಗಳಿಂದ ಆಗದ ಬಸಿರು ಎಣಿಸದೆ ಆಗಿಬಿಡುತ್ತದೆ. ಮೌಂಜಾರೊದಲ್ಲಿರುವ ಟಿರ್ಜೆಪಟೈಡ್ ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನೂ ತಗ್ಗಿಸಬಲ್ಲದು. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್ ಮೈಯಿಂದ ಹೊರಹೋಗಲು ವಾರಗಳು ಬೇಕಾಗುವುದರಿಂದ ಬಸಿರಿಗೆ ಪ್ರಯತ್ನಿಸುವ ಎರಡು ತಿಂಗಳು ಮೊದಲೇ, ಟಿರ್ಜೆಪಟೈಡ್ ಆದರೆ ಒಂದು ತಿಂಗಳು ಮೊದಲೇ ನಿಲ್ಲಿಸಬೇಕೆಂದು ಸೂಚನೆ ಇದೆ. ಇಂಜೆಕ್ಷನ್ ನಡೆಯುತ್ತಿರುವಾಗಲೇ ಬಸಿರಾದರೆ ಮುಂದಿನ ಡೋಸ್ ಬಿಟ್ಟು ವೈದ್ಯರಿಗೆ ತಿಳಿಸಬೇಕು. ಇದುವರೆಗಿನ ಅವಲೋಕನ ಅಧ್ಯಯನಗಳಲ್ಲಿ ಮಗುವಿಗೆ ದೊಡ್ಡ ಅಂಗದೋಷಗಳು ಹೆಚ್ಚಿದ್ದು ಕಂಡಿಲ್ಲವಾದ್ದರಿಂದ ಬಸಿರು ತೆಗೆಸುವ ಮಾತಿಗೆ ಅವಸರವಿಲ್ಲ, ಹಾಗೆಂದು ಸುರಕ್ಷಿತವೆಂದು ಮುಂದುವರಿಸುವಂತೆಯೂ ಇಲ್ಲ.

'ದಪ್ಪಗಿದ್ದೀಯ, ನಿನಗೆ ಆಪರೇಷನ್ನೇ ಗತಿ' ಎಂಬ ಮಾತನ್ನು ಬಸುರಿ ಮೊದಲ ತಿಂಗಳಿಂದಲೇ ಕೇಳಬೇಕಾಗುತ್ತದೆ. ತೂಕದೊಂದಿಗೆ ಸಿಸೇರಿಯನ್ ಸಾಧ್ಯತೆ ಏರುವುದು ನಿಜ. ಆದರೆ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಸರಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಸಿಸೇರಿಯನ್ ಶೇ 14.3, ಖಾಸಗಿಯಲ್ಲಿ ಶೇ 47.4. ಹೆಂಗಸರ ತೂಕವೊಂದೇ ಇಷ್ಟು ಅಂತರವನ್ನು ವಿವರಿಸಲಾರದು.

ನಮ್ಮ ಸಾರ್ವಜನಿಕ ವ್ಯವಸ್ಥೆ ಕಟ್ಟಿದ್ದು ಸೊರಗಿದ ಬಸುರಿಗಾಗಿ, ಮತ್ತು ಅದಕ್ಕೆ ಕಾರಣವಿತ್ತು, ಈಗಲೂ ಇದೆ: ದೇಶದ ಬಸುರಿಯರಲ್ಲಿ ಶೇ 52 ಮಂದಿಗೆ ರಕ್ತಹೀನತೆ. 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯ ಬಿಸಿಯೂಟ, ಮೊಟ್ಟೆ, ಹಾಲು, ಚಿಕ್ಕಿ ಎಲ್ಲವೂ ತೂಕ ಏರಿಸುವ ಗುರಿಯವು. ತಾಯಿ ಕಾರ್ಡಿನಲ್ಲಿ ತೂಕ ಬರೆಯುವಾಗ ಆಶಾ ಕಾರ್ಯಕರ್ತೆಯ ಪ್ರಶ್ನೆ 'ಏರಿತೇ' ಎಂಬುದು. ಎಪ್ಪತ್ತೈದು ಕೆ.ಜಿ.ಯ, ಹಿಮೋಗ್ಲೋಬಿನ್ ಒಂಬತ್ತರ, ಬಿ12 ಕೊರತೆಯ ಹೆಂಗಸು ಈ ಚೌಕಟ್ಟಿನೊಳಗೆ ಕೂರುವುದಿಲ್ಲ. ಆಕೆಗೆ ಚಿಕ್ಕಿ ಬೇಡ, ಮೊಟ್ಟೆ ಬೇಕು, ಕಬ್ಬಿಣದ ಮಾತ್ರೆಯೂ ಬೇಕು. ವಿದೇಶದಲ್ಲಿರುವ ಕನ್ನಡತಿಯರ ತೊಡಕು ಬೇರೆ ಬಗೆಯದು: ಅಲ್ಲಿನ ಸೂಲಗಿತ್ತಿಗೆ 27ರ ಬಿ.ಎಂ.ಐ. ದೊಡ್ಡದಾಗಿ ಕಾಣದು. ಬ್ರಿಟನ್ನಿನ ನಿಯಮಗಳು ದಕ್ಷಿಣ ಏಷ್ಯಾದ ಮೂಲವನ್ನೇ ಸಕ್ಕರೆ ಪರೀಕ್ಷೆಗೆ ಸಾಕಾದ ಕಾರಣವೆಂದು ಒಪ್ಪುತ್ತವೆ, ಯಾರೂ ಹೇಳದಿದ್ದರೆ ತಾವೇ ಕೇಳಿ ಮಾಡಿಸಿಕೊಳ್ಳಬೇಕು.

ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು, ದೃಷ್ಟಿಯಾಗುತ್ತದೆ ಎಂಬುದು ನಮ್ಮಲ್ಲಿ ಹಲವು ಮನೆಗಳ ಪದ್ಧತಿ. ನೆಂಟರಿಗೆ ಹೇಳದಿದ್ದರೆ ನಷ್ಟವಿಲ್ಲ, ಆದರೆ ಆ ಮೌನ ಆಸ್ಪತ್ರೆಯವರೆಗೂ ಚಾಚಿಕೊಳ್ಳುತ್ತದೆ. ಮೊದಲ ಮೂರು ತಿಂಗಳೊಳಗೆ ತಪಾಸಣೆಗೆ ಹೋದವರು ದೇಶದಲ್ಲಿ ಶೇ 70. ಉಳಿದ ಮೂವತ್ತರಲ್ಲಿ ದೂರ, ದುಡ್ಡು, ಅನುಮತಿ ಇಲ್ಲದವರ ಜೊತೆಗೆ ತೂಕದ ಯಂತ್ರಕ್ಕೆ ಹೆದರಿದವರೂ ಇದ್ದಾರೆಂದು ನಾನು ನಂಬುತ್ತೇನೆ. ಆಸ್ಪತ್ರೆಗಳಲ್ಲಿ ಆ ಯಂತ್ರ ಇರುವುದು ಸಾಮಾನ್ಯವಾಗಿ ವರಾಂಡದಲ್ಲಿ, ಸಾಲಿನಲ್ಲಿ ಕುಳಿತವರ ಎದುರಿಗೆ. ಒಬ್ಬರು ನೋಡಿ ಕೂಗುತ್ತಾರೆ, ಇನ್ನೊಬ್ಬರು ಮೇಜಿನ ಹತ್ತಿರ ಬರೆದುಕೊಳ್ಳುತ್ತಾರೆ, ಎಪ್ಪತ್ತೆಂಟು ಎಂಬ ಸಂಖ್ಯೆ ಇಡೀ ವರಾಂಡಕ್ಕೆ ಕೇಳಿಸುತ್ತದೆ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ನಡೆಸುವ ಕೇಂದ್ರದ ಕಾರ್ಯಕ್ರಮ 2016ರಿಂದ ಇದೆ, ಅಪಾಯದ ಬಸಿರನ್ನು ಗುರುತಿಸುವುದೇ ಅದರ ಗುರಿ. ಆ ದಿನ ಯಂತ್ರವನ್ನು ಹತ್ತು ಹೆಜ್ಜೆ ಎತ್ತಿಕೊಂಡು ಹೋಗಿ ಪರದೆಯ ಹಿಂದೆ ಇಡಲು, ಬಿ.ಪಿ. ಯಂತ್ರದ ಪಕ್ಕ ದೊಡ್ಡ ತೋಳುಪಟ್ಟಿಯೊಂದನ್ನು ಇಟ್ಟುಕೊಳ್ಳಲು ಹೊಸ ಯೋಜನೆಯಾಗಲಿ ದೊಡ್ಡ ಅನುದಾನವಾಗಲಿ ಬೇಕಿಲ್ಲ.